ವಿಕ್ಟೋರಿಯಾ ಕಾಲದ ಉದ್ಯಾನದ ಕಲ್ಲಿನ ಗೋಡೆ: ಸಂದುಗಳಿಗೆ ಸಿಮೆಂಟೋ, ಸುಣ್ಣದ ಗಾರೆಯೋ?

ಯಾರ್ಕ್‌ಶೈರ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಶೈರ್‌ನಲ್ಲಿ ಒಂದು ಹಳೆಯ ಬಂಗಲೆಯ ಉದ್ಯಾನದಲ್ಲಿ ನಾನು ಸ್ವಯಂಸೇವಕಿ. ಜಾಗದ ಹೆಸರು ಬೇಡ, ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಉದ್ಯಾನ 1860ರ ದಶಕದ್ದು. ಬಂಗಲೆಯ ಮುಂದೆ ಎರಡು ಹಂತದ ಜಗಲಿ, ಅದರ ಕೆಳಗೆ ಅಳತೆ ಹಿಡಿದು ಬಿಡಿಸಿದ ಹೂವಿನ ಪಾತಿಗಳು, ಕತ್ತರಿಸಿ ಆಕಾರ ಕೊಟ್ಟ ಯೂ ಮರಗಳು, ನಡುವೆ ಕಾರಂಜಿ. ಜಗಲಿಗಳ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ತಿಳಿಹಳದಿ ಬಣ್ಣದ ಸುಣ್ಣಕಲ್ಲಿನ ತಡೆಗೋಡೆಗಳು. ಅವುಗಳ ತಲೆಯ ಮೇಲೆ ಕಲ್ಲಿನ ಕಟಾಂಜನ.

ಕೆಳಗಿನ ಗೋಡೆಯ ಸಂದುಗಳಿಗೆ ಕೆಲವು ದಶಕಗಳ ಹಿಂದೆ ಯಾರೋ ಬೂದು ಸಿಮೆಂಟ್ ತುಂಬಿದ್ದಾರೆ. ಈಗ ಕಲ್ಲಿನ ಮುಖ ಹೊಪ್ಪಳೆ ಹೊಪ್ಪಳೆಯಾಗಿ ಉದುರಿ ಒಳಕ್ಕೆ ಸರಿದಿದೆ, ಸಿಮೆಂಟಿನ ಗೆರೆಗಳು ಮಾತ್ರ ಮುಂದಕ್ಕೆ ಚಾಚಿಕೊಂಡು ನಿಂತಿವೆ. ಮೇಲಿನ ಗೋಡೆಯನ್ನು ಯಾರೂ ಮುಟ್ಟಿಲ್ಲ. ಅಲ್ಲಿ ಹಳೆಯ ಗಾರೆ ಅರ್ಧ ಉದುರಿಹೋಗಿದ್ದರೂ ಕಲ್ಲಿನ ಮೇಲೆ ಅಂದಿನ ಉಳಿಯೇಟುಗಳು ಇನ್ನೂ ಕಾಣುತ್ತವೆ.

ಈಗ ನಮ್ಮ ಸಮಿತಿಯ ಮುಂದೆ ಒಂದು ಪ್ರಸ್ತಾಪ ಬಂದಿದೆ. ಎರಡೂ ಗೋಡೆಗಳ ಸಂದು ಕೆರೆದು ಹೊಸದಾಗಿ ಸಿಮೆಂಟ್ ಪಾಯಿಂಟಿಂಗ್ ಮಾಡುವುದು, ಅಂದರೆ ಸಂದುಗಳಿಗೆ ಮತ್ತೆ ಸಿಮೆಂಟ್ ತುಂಬುವುದು, ಜರಿಗಿಡ ಮತ್ತು ಐವಿ ಬಳ್ಳಿಗಳನ್ನು ಕಿತ್ತು ಹಾಕುವುದು, ಕಪ್ಪು ಕಲೆಗಳನ್ನು ಒತ್ತಡದ ನೀರಿನಲ್ಲಿ ತೊಳೆಯುವುದು. ನನಗೆ ಇದು ಸರಿಯೆನಿಸುತ್ತಿಲ್ಲ. ಆದರೆ ಸಭೆಯಲ್ಲಿ ಮಾತನಾಡಲು ಅನಿಸಿಕೆ ಸಾಲದು, ಕಾರಣ ಬೇಕು. ಕಲ್ಲು, ಗಾರೆ, ಗಿಡ ಬಲ್ಲವರು ದಯವಿಟ್ಟು ಬರೆಯಿರಿ.

ಸುಣ್ಣ ಮರಳು:

ಕನ್ನಡತಿ ಅವರೇ, ಸ್ಕಾಟ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ನಿಮಗೆ ಬೇಕಾದ ಕಾರಣವನ್ನು ನಿಮ್ಮ ಎರಡು ಗೋಡೆಗಳೇ ಅಕ್ಕಪಕ್ಕ ನಿಂತು ತೋರಿಸುತ್ತಿವೆ. ಒಂದೇ ಕಲ್ಲು, ಒಂದೇ ಮಳೆ, ಒಂದೇ ಚಳಿ. ಬೇರೆಯಾಗಿರುವುದು ಸಂದಿನ ಗಾರೆ ಮಾತ್ರ.

ಕಲ್ಲಿನ ಗೋಡೆಯೊಳಗೆ ನೀರು ಹೋಗದಂತೆ ತಡೆಯಲು ಆಗುವುದಿಲ್ಲ. ಮಳೆ ಮುಂದಿನಿಂದ ಬರುತ್ತದೆ, ತಡೆಗೋಡೆಯಾದರೆ ಹಿಂದಿನ ಮಣ್ಣಿನಿಂದಲೂ ಬರುತ್ತದೆ. ಬಂದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದರ ಮೇಲೆ ಗೋಡೆಯ ಆಯುಷ್ಯ ನಿಂತಿದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳು ಹೇರಳ. ಒಳಗಿನ ತೇವ ಸಂದಿನ ಮೂಲಕ ಆರುತ್ತದೆ, ನೀರಿನೊಂದಿಗೆ ಬಂದ ಲವಣಗಳೂ ಅಲ್ಲಿಯೇ ಹರಳುಗಟ್ಟುತ್ತವೆ. ಹೀಗಾಗಿ ಸವೆಯುವುದು ಗಾರೆ. ಕೆಲವು ತಲೆಮಾರುಗಳಿಗೊಮ್ಮೆ ಅದನ್ನು ಕೆರೆದು ಮತ್ತೆ ತುಂಬಿದರೆ ಕಲ್ಲು ಹಾಗೆಯೇ ಉಳಿಯುತ್ತದೆ. ಚಪ್ಪಲಿ ಸವೆದರೆ ಬದಲಿಸಬಹುದು, ಕಾಲು ಸವೆಯಬಾರದು.

ಸಿಮೆಂಟ್ ತುಂಬಿದಾಗ ಸಂದಿನ ದಾರಿ ಮುಚ್ಚಿತು. ತೇವಕ್ಕೆ ಉಳಿದದ್ದು ಕಲ್ಲಿನ ಮುಖವೊಂದೇ. ಲವಣ ಈಗ ಕಲ್ಲಿನ ಮೇಲ್ಪದರದ ಹಿಂದೆಯೇ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಚಳಿಗಾಲದಲ್ಲಿ ಅದೇ ಜಾಗದ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು 9% ಹಿಗ್ಗುತ್ತದೆ. ಮುಖ ಉದುರುವುದು ಹೀಗೆ. ಸಿಮೆಂಟ್ ಗೆರೆಗಳು ಚಾಚಿಕೊಂಡಿವೆ ಎಂದಿರಲ್ಲ, ಅವು ಇದ್ದಲ್ಲಿಯೇ ಇವೆ. ಅವುಗಳ ನಡುವಿನ ಕಲ್ಲು ಕರಗಿಹೋಗಿದೆ.

ಸಮಿತಿಗೆ ಒಂದೇ ವಾಕ್ಯ ಹೇಳುವುದಾದರೆ ಇದನ್ನು ಹೇಳಿ: ಸಂದಿನ ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು, ಕಲ್ಲಿಗಿಂತ ಸುಲಭವಾಗಿ ತೇವ ಬಿಡಬೇಕು.

ಹುಬ್ಬಳ್ಳಿ ಸಿವಿಲ್:

ಸುಣ್ಣ ಮರಳು ಅವರ ವಿವರಣೆ ಚೆನ್ನಾಗಿದೆ, ಆದರೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಆತ ಲೀಡ್ಸಿನ ಗಾರೆಯವನು, ಅಂದರೆ ಇದೇ ಯಾರ್ಕ್‌ಶೈರಿನವನು. 1860ರ ದಶಕದಲ್ಲಿ ಲಂಡನ್ನಿನ ದೊಡ್ಡ ಒಳಚರಂಡಿಗಳನ್ನು ಕಟ್ಟುವಾಗ ಎಂಜಿನಿಯರ್ ಬ್ಯಾಜಲ್ಗೆಟ್ ಅದನ್ನೇ ಧಾರಾಳವಾಗಿ ಬಳಸಿದರು. ವಿಕ್ಟೋರಿಯಾ ಕಾಲದವರೇ ಬಳಸಿದ ವಸ್ತುವನ್ನು ವಿಕ್ಟೋರಿಯಾ ಕಾಲದ ಗೋಡೆಗೆ ಬಳಸಬಾರದು ಎನ್ನುವುದು ಹೇಗೆ?

ಎರಡನೆಯದು ಬಲದ ಪ್ರಶ್ನೆ. ಇದು ಬರೀ ಕಾಂಪೌಂಡ್ ಗೋಡೆಯಲ್ಲ, ಹಿಂದೆ ಒಂದು ಜಗಲಿಯ ಮಣ್ಣು ಒತ್ತುತ್ತಿದೆ. ಅಲ್ಲಿ ಮೆತ್ತನೆಯ ಗಾರೆ ಸಾಕೆ? ಗೋಡೆ ಉಬ್ಬಿ ಬಿದ್ದು ಯಾರಿಗಾದರೂ ಪೆಟ್ಟಾದರೆ ಪಾರಂಪರಿಕ ಚೆಲುವಿನ ಮಾತು ಯಾರೂ ಕೇಳುವುದಿಲ್ಲ.

ಹಳೆಯ ತೋಟಗಳು:

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ನನಗೆ ಬಹಳ ಪ್ರಿಯವಾದ ವಿಷಯ.

ವಿಕ್ಟೋರಿಯಾ ಕಾಲದ ತೋಟಗಳಲ್ಲಿ ಸಿಮೆಂಟ್ ಖಂಡಿತ ಇತ್ತು. ಎಲ್ಲಿ ಇತ್ತು ಎಂಬುದನ್ನು ನೋಡಬೇಕು. ಹರ್ಟ್‌ಫರ್ಡ್‌ಶೈರ್‌ನ ಜೇಮ್ಸ್ ಪುಲ್‌ಹ್ಯಾಮ್ ಕುಟುಂಬದ ಸಂಸ್ಥೆ ಕೃತಕ ಬಂಡೆಗಳನ್ನು ಕಟ್ಟುವುದರಲ್ಲಿ ಹೆಸರು ಮಾಡಿತ್ತು. ಒಳಗೆ ಇಟ್ಟಿಗೆ ಚೂರು ಮತ್ತು ಒರಟು ಕಲ್ಲಿನ ರಾಶಿ, ಹೊರಗೆ ಬಣ್ಣ ಬೆರೆಸಿದ ಸಿಮೆಂಟಿನ ಲೇಪ, ಅದರ ಮೇಲೆ ನಿಜವಾದ ಬಂಡೆಯಂತೆಯೇ ಪದರ, ಬಿರುಕುಗಳ ಕೆತ್ತನೆ. ಅದನ್ನು ಪುಲ್‌ಹ್ಯಾಮೈಟ್ ಎನ್ನುತ್ತಾರೆ. ಲಂಡನ್ನಿನ ಬ್ಯಾಟರ್ಸೀ ಪಾರ್ಕಿನಲ್ಲಿ ಇಂದಿಗೂ ನೋಡಬಹುದು. ಅಂಥ ಬಂಡೆ ಬಿರುಕು ಬಿಟ್ಟರೆ ಹೊಂದುವ ಸಿಮೆಂಟಿನಿಂದಲೇ ದುರಸ್ತಿ ಮಾಡುವುದು ನ್ಯಾಯ, ಏಕೆಂದರೆ ಅದು ಹುಟ್ಟಿದ್ದೇ ಸಿಮೆಂಟಾಗಿ. ಇನ್ನು 1796ರಲ್ಲಿ ಜೇಮ್ಸ್ ಪಾರ್ಕರ್ ಪೇಟೆಂಟ್ ಪಡೆದ ರೋಮನ್ ಸಿಮೆಂಟ್ ಎಂಬುದು ಬೇರೆಯೇ ವಸ್ತು, ಜೇಡಿ ಬೆರೆತ ಸುಣ್ಣದ ಗಟ್ಟಿಗಳನ್ನು ಸುಟ್ಟು ಪುಡಿಮಾಡಿದ್ದು. ಅದು ಹೆಚ್ಚಾಗಿ ಗಿಲಾವಿಗೆ, ಅಚ್ಚಿನ ಅಲಂಕಾರಕ್ಕೆ ಹೋಯಿತು.

ಕೆತ್ತಿದ ಕಲ್ಲಿನ ಜಗಲಿ ಗೋಡೆಗಳ ಕಥೆ ಬೇರೆ. ಆ ಶೈಲಿಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ. ಸ್ಟ್ಯಾಫರ್ಡ್‌ಶೈರಿನ ಟ್ರೆಂಟಮ್, ಸಫೊಕ್‌ನ ಶ್ರಬ್‌ಲ್ಯಾಂಡ್, ಯಾರ್ಕ್‌ಶೈರಿನ ಹ್ಯಾರ್‌ವುಡ್, ಎಲ್ಲ ಕಡೆ ಇಟಲಿಯ ಮಾದರಿಯ ಮೆಟ್ಟಿಲು, ಕಟಾಂಜನ, ಹೂದಾನಿ. ವುಸ್ಟರ್‌ಶೈರಿನ ವಿಟ್ಲಿ ಕೋರ್ಟ್‌ನಲ್ಲಿ ಉದ್ಯಾನ ವಿನ್ಯಾಸಕ ವಿಲಿಯಂ ನೆಸ್‌ಫೀಲ್ಡ್ ಮಾಡಿದ್ದೂ ಇದೇ ಜಾತಿಯ ಕೆಲಸ. ಅಲ್ಲಿಯ ಬಂಗಲೆ 1937ರ ಬೆಂಕಿಗೆ ಸಿಕ್ಕು ಇಂದು ಬರೀ ಗೋಡೆಗಳಾಗಿ ನಿಂತಿದೆ, ಆದರೆ ಕಾರಂಜಿ ಮತ್ತು ಜಗಲಿಗಳಿಗೆ ಮತ್ತೆ ಜೀವ ಬಂದಿದೆ. ಇಂಥ ಕಲ್ಲುಕಟ್ಟಡಕ್ಕೆ ಆ ಕಾಲದ ಗಾರೆಯವರು ಸಾಮಾನ್ಯವಾಗಿ ಕೈಗೆತ್ತಿಕೊಂಡದ್ದು ಸುಣ್ಣವನ್ನೇ.

ಇದೇ ಬ್ಯಾರಿಯ ಇನ್ನೊಂದು ಕಥೆ ನಿಮ್ಮ ಕಲ್ಲಿಗೆ ನೇರವಾಗಿ ಸಂಬಂಧಿಸಿದ್ದು. ನಿಮ್ಮ ದಕ್ಷಿಣ ಯಾರ್ಕ್‌ಶೈರಿನ ಡಾನ್‌ಕಾಸ್ಟರ್ ಸುತ್ತಮುತ್ತ ತಿಳಿಹಳದಿ ಸುಣ್ಣಕಲ್ಲು ಎಂದರೆ ಬಹುತೇಕ ಮೆಗ್ನೀಸಿಯಂ ಸುಣ್ಣಕಲ್ಲು. ನಾಟಿಂಗ್‌ಹ್ಯಾಮ್ ಕಡೆಯಿಂದ ಉತ್ತರಕ್ಕೆ ಡರಮ್ ತೀರದವರೆಗೆ ಅದರ ಕಿರಿದಾದ ಪಟ್ಟಿ ಹಬ್ಬಿದೆ. ಯಾರ್ಕ್ ನಗರದ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರ್ ಕಟ್ಟಿದ್ದು ಅದರಲ್ಲೇ. ಲಂಡನ್ನಿನ ಹೊಸ ಸಂಸತ್ ಭವನಕ್ಕೆ ಕಲ್ಲು ಆರಿಸಲು ನೇಮಿಸಿದ ತಂಡದಲ್ಲಿ ಬ್ಯಾರಿ ಇದ್ದರು, ಭೂವಿಜ್ಞಾನಿ ವಿಲಿಯಂ ಸ್ಮಿತ್ ಕೂಡ ಇದ್ದರು. 1839ರಲ್ಲಿ ವರದಿ ಕೊಟ್ಟು ಅವರು ಒಲಿದದ್ದು ಈ ಮೆಗ್ನೀಸಿಯಂ ಸುಣ್ಣಕಲ್ಲಿಗೆ. ಕೊನೆಗೆ ದಕ್ಷಿಣ ಯಾರ್ಕ್‌ಶೈರಿನ ಆನ್‌ಸ್ಟನ್ ಕ್ವಾರಿಯ ಕಲ್ಲು ಲಂಡನ್ನಿಗೆ ಹೋಯಿತು. ಕಟ್ಟಡ ಮುಗಿಯುವುದರೊಳಗೇ ಉದುರಲು ಆರಂಭಿಸಿತು. 1861ರಲ್ಲಿ ಅದರ ಬಗ್ಗೆ ವಿಚಾರಣೆಗೆ ಸಮಿತಿಯೇ ಕೂತಿತು. 1930ರ ದಶಕದಲ್ಲಿ ಬಹಳಷ್ಟು ಕಲ್ಲನ್ನು ತೆಗೆದು ಕ್ಲಿಪ್‌ಶಮ್ ಎಂಬ ಬೇರೆ ಸುಣ್ಣಕಲ್ಲು ಹಾಕಬೇಕಾಯಿತು. ಕಲ್ಲಿದ್ದಲಿನ ಹೊಗೆಯಲ್ಲಿದ್ದ ಗಂಧಕ ಮಳೆಯಲ್ಲಿ ಬೆರೆತು ಕಲ್ಲಿನ ಮೆಗ್ನೀಸಿಯಂ ಜೊತೆ ಸೇರಿದರೆ ಮೆಗ್ನೀಸಿಯಂ ಸಲ್ಫೇಟ್ ಹುಟ್ಟುತ್ತದೆ, ಔಷಧದ ಅಂಗಡಿಯ ಎಪ್ಸಮ್ ಸಾಲ್ಟ್ ಅದೇ. ಅದು ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತದೆ, ಆರಿದಾಗ ಮತ್ತೆ ಹರಳಾಗುತ್ತದೆ. ಪ್ರತಿ ಮಳೆ, ಪ್ರತಿ ಬಿಸಿಲಿಗೆ ಕಲ್ಲಿನೊಳಗೆ ಇದೇ ಪುನರಾವರ್ತನೆ.

ನಿಮ್ಮ ಜಿಲ್ಲೆಯೂ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳ ನಾಡು. ನಿಮ್ಮ ಗೋಡೆಯಲ್ಲಿ ಆ ಲವಣ ಈಗಾಗಲೇ ಕೂತಿರಬಹುದು. ಅದು ಹೊರಬರುವ ದಾರಿಯನ್ನು ಮುಚ್ಚುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ.

ಸುಣ್ಣ ಮರಳು:

ಹಳೆಯ ತೋಟಗಳು ಅವರಿಗೆ ಧನ್ಯವಾದ. ಹುಬ್ಬಳ್ಳಿಯವರ ಮೊದಲ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. 1860ರ ಪೋರ್ಟ್‌ಲ್ಯಾಂಡ್ ಸಿಮೆಂಟೂ ಇಂದಿನ ಚೀಲದ ಸಿಮೆಂಟೂ ಹೆಸರಿನಲ್ಲಿ ಮಾತ್ರ ಒಂದೇ. ಅಂದು ನಿಂತ ಗೂಡುಗಳಲ್ಲಿ ಸುಡುತ್ತಿದ್ದರು, ಉರಿ ಎಲ್ಲೆಡೆ ಸಮವಾಗಿ ಸಿಗುತ್ತಿರಲಿಲ್ಲ, ಪುಡಿಯೂ ದಪ್ಪ. ಸುತ್ತುವ ಗೂಡುಗಳು ಬಂದದ್ದು ಶತಮಾನದ ಕೊನೆಗೆ. ಇಂದಿನದು ಅದಕ್ಕಿಂತ ಬಹಳ ಗಟ್ಟಿ. ಆದ್ದರಿಂದ ಅಂದಿನವರು ಬಳಸಿದ್ದರೆಂದು ಇಂದಿನ ಸಿಮೆಂಟನ್ನು ಸಮರ್ಥಿಸಲಾಗದು.

ಬಲದ ಪ್ರಶ್ನೆ ಅತ್ಯಂತ ಮುಖ್ಯ. ಆದರೆ ಹಳೆಯ ತಡೆಗೋಡೆ ನಿಲ್ಲುವುದು ತನ್ನ ಭಾರದಿಂದ, ತಳದ ಅಗಲದಿಂದ. ಗಾರೆ ಕಲ್ಲುಗಳನ್ನು ಅಂಟಿಸಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಅವುಗಳ ನಡುವೆ ಭಾರ ಸಮವಾಗಿ ಹಂಚಲು ಹಾಸಿಗೆಯಂತೆ ಇರುತ್ತದೆ. ಹೊರಗಿನ ಒಂದು ಅಂಗುಲ ಪಾಯಿಂಟಿಂಗ್ ಎಷ್ಟೇ ಗಟ್ಟಿಯಿದ್ದರೂ ಮಣ್ಣಿನ ಒತ್ತಡವನ್ನು ತಡೆಯುವುದಿಲ್ಲ. ತಡೆಗೋಡೆಯನ್ನು ಬೀಳಿಸುವುದು ಬಹುತೇಕ ಹಿಂದೆ ತುಂಬಿಕೊಂಡ ನೀರು. ಕನ್ನಡತಿ ಅವರೇ, ಕೆಳಗಿನ ಗೋಡೆಯ ಬುಡದಲ್ಲಿ ನೀರು ಬಿಡುವ ತೂತುಗಳಿವೆಯೇ? ಅವು ತೆರೆದಿವೆಯೇ? ಗೋಡೆ ಎಲ್ಲಿಯಾದರೂ ಉಬ್ಬಿದೆಯೇ?

ಕಾರ್ಕಳದ ಕಲ್ಲು:

ನಮ್ಮದು ಕಲ್ಲಿನ ಕೆಲಸದ ಮನೆತನ. ಈ ಚರ್ಚೆ ಓದುತ್ತಾ ನನಗೆ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಕರಿಕಲ್ಲು, ಬಿಳಿಕಲ್ಲು ಅಂದರೆ ಗ್ರಾನೈಟ್ ಜಾತಿಯವು. ಅವು ನೀರನ್ನು ಕುಡಿಯುವುದೇ ಇಲ್ಲ ಎನ್ನಬಹುದು. ಸೈಜುಗಲ್ಲಿನ ಗೋಡೆಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿದರೆ ಕಲ್ಲಿಗೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ಸಿಮೆಂಟ್ ಬಿರುಕು ಬಿಡುತ್ತದೆ. ಕರ್ನಾಟಕದಲ್ಲಿ ಬೆಳೆದವರಿಗೆ ಕಲ್ಲಿನ ಗೋಡೆ ಎಂದಕೂಡಲೇ ಸಿಮೆಂಟ್ ಸಹಜವೆನಿಸುವುದಕ್ಕೆ ಇದೇ ಕಾರಣ. ನೀರು ಕುಡಿಯುವ ಕಲ್ಲಿಗೆ ಆ ಅನುಭವವನ್ನು ತೆಗೆದುಕೊಂಡು ಹೋಗಬಾರದು.

ಕನ್ನಡತಿ ಅವರಲ್ಲಿ ಒಂದು ಪ್ರಶ್ನೆ. ಉದುರಿರುವ ಕಲ್ಲುಗಳಲ್ಲಿ ಪದರ ಯಾವ ದಿಕ್ಕಿಗಿದೆ? ಕೆಸರು ಪದರ ಪದರವಾಗಿ ಕೂತು ಆದ ಕಲ್ಲನ್ನು ಭೂಮಿಯಲ್ಲಿ ಮಲಗಿದ್ದ ಹಾಗೆಯೇ ಮಲಗಿಸಿ ಕಟ್ಟಬೇಕು. ಮುಖ ಅಗಲವಾಗಿ ಕಾಣಲೆಂದು ಪದರವನ್ನು ನಿಲ್ಲಿಸಿ ಕಟ್ಟಿದ್ದರೆ ಯಾವ ಗಾರೆ ಹಾಕಿದರೂ ಹಾಳೆ ಬಿಡಿಸಿದಂತೆ ಮುಖ ಕಳಚುತ್ತದೆ. ಇಡೀ ಸಾಲು ಉದುರಿದ್ದರೆ ಸಿಮೆಂಟಿನ ತಪ್ಪು. ನಡುನಡುವೆ ಒಂಟಿ ಕಲ್ಲು ಮಾತ್ರ ಕಳಚಿದ್ದರೆ ಕಟ್ಟಿದವನು ಪದರ ನೋಡಿರಲಿಲ್ಲ ಎಂದು ತಿಳಿಯಬೇಕು.

ಇನ್ನೊಂದು ವಿಚಾರ. ನಮ್ಮ ಕಡೆ ಹಳೆಯ ಕಾಲದಲ್ಲಿ ಗಾರೆಯ ಗಾಣಕ್ಕೆ ಎತ್ತು ಕಟ್ಟಿ ಸುಣ್ಣ, ಮರಳು, ಇಟ್ಟಿಗೆ ಪುಡಿ ಅರೆಯುತ್ತಿದ್ದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಸೇರಿಸುತ್ತಿದ್ದರು. ಅದನ್ನು ಅಲ್ಲಿ ಪ್ರಯತ್ನಿಸಬಹುದೇ?

ಸುಣ್ಣ ಮರಳು:

ಪದರದ ಪ್ರಶ್ನೆ ಬಹಳ ಒಳ್ಳೆಯದು, ಎಲ್ಲರೂ ಮರೆಯುವಂಥದ್ದು. ಇಟ್ಟಿಗೆ ಪುಡಿ ಸುಣ್ಣವನ್ನು ತೇವದಲ್ಲೂ ಬಿಗಿಯುವಂತೆ ಮಾಡುತ್ತದೆ, ಇಲ್ಲಿಯೂ ಅದನ್ನು ಬಳಸುತ್ತಾರೆ. ಬೆಲ್ಲ, ಅಳಲೆಕಾಯಿ ಮಾತ್ರ ಬೇಡ. ಬೆಲ್ಲ ಸುಣ್ಣದ ಕರಗುವಿಕೆಯನ್ನು ಹೆಚ್ಚಿಸುತ್ತದೆ, ಗಾರೆ ಬಿಗಿಯುವ ವೇಗವನ್ನೂ ಬದಲಿಸುತ್ತದೆ. ನಮ್ಮ ಬಿಸಿಲಿಗೆ ತಲೆಮಾರುಗಳ ಅನುಭವದಿಂದ ಹೊಂದಿಸಿಕೊಂಡ ಪಾಕ ಅದು. ಯಾರ್ಕ್‌ಶೈರಿನ ಥಂಡಿಯಲ್ಲಿ, ಅದೂ ಕಾನೂನಿನ ರಕ್ಷಣೆಯಿರಬಹುದಾದ ಗೋಡೆಯ ಮೇಲೆ, ಪ್ರಯೋಗ ಮಾಡುವ ಹಕ್ಕು ನಮಗಿಲ್ಲ. ಆ ಗೋಡೆಯಲ್ಲಿ ಮೊದಲು ಏನಿತ್ತೋ ಅದಕ್ಕೆ ಹತ್ತಿರವಾದದ್ದನ್ನು ಹಾಕುವುದೇ ದಾರಿ.

ಏನಿತ್ತು ಎಂದು ತಿಳಿಯಲು ಮೇಲಿನ ಗೋಡೆಯ ಸಂದಿನ ಆಳದಿಂದ ಒಂದು ತುಂಡು ಹಳೆಯ ಗಾರೆ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಅಲ್ಲಲ್ಲಿ ಬೆಳ್ಳಗಿನ ಸುಣ್ಣದ ಗಂಟುಗಳು ಕಂಡರೆ ಸುಟ್ಟ ಸುಣ್ಣವನ್ನು ಮರಳಿನೊಂದಿಗೇ ಅರಳಿಸಿ ಕಲಸಿದ ಗಾರೆ ಇದ್ದೀತು. ಮರಳಿನ ಬಣ್ಣ, ಕಾಳಿನ ಗಾತ್ರ ಗುರುತು ಮಾಡಿಕೊಳ್ಳಿ. ಆಮ್ಲದಲ್ಲಿ ಕರಗಿಸಿ ಮರಳನ್ನು ಬೇರ್ಪಡಿಸುವ ಪರೀಕ್ಷೆಯನ್ನು ಒಂದನ್ನೇ ನಂಬಬೇಡಿ. ಗಾರೆಗೆ ಸುಣ್ಣಕಲ್ಲಿನ ಪುಡಿಯನ್ನೇ ಬೆರೆಸಿದ್ದರೆ ಅದೂ ಕರಗಿಹೋಗಿ ಲೆಕ್ಕ ತಪ್ಪುತ್ತದೆ. ತುಂಡನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗಾಲಯಗಳಿವೆ, ಆ ಖರ್ಚು ಸಾರ್ಥಕ.

ಯಾರ್ಕ್‌ಶೈರ್ ಕನ್ನಡತಿ:

ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಋಣಿ. ಇವತ್ತು ಹೋಗಿ ನೋಡಿಕೊಂಡು ಬಂದೆ. ಕೆಳಗಿನ ಗೋಡೆಯಲ್ಲಿ ಉದುರಿರುವುದು ಇಡೀ ಸಾಲುಗಳೇ, ಒಂಟಿ ಕಲ್ಲುಗಳಲ್ಲ. ಬುಡದಲ್ಲಿ ಸಮದೂರಕ್ಕೆ ಚೌಕಾಕಾರದ ತೂತುಗಳ ಗುರುತಿದೆ. ಹೆಚ್ಚಿನವುಗಳ ಬಾಯಿಗೆ ಸಿಮೆಂಟ್ ಮೆತ್ತಿದ್ದಾರೆ. ಪೂರ್ವದ ತುದಿಯಲ್ಲಿ ಗೋಡೆ ಹೊಟ್ಟೆ ಬಿಟ್ಟಂತಿದೆ, ಅದರ ಮೇಲಿನ ಪಾತಿ ಯಾವಾಗಲೂ ಜೌಗು.

ಕಟಾಂಜನದಲ್ಲಿ ಇನ್ನೊಂದು ತೊಂದರೆ ಕಂಡಿತು. ಮೇಲಿನ ಕೈಪಟ್ಟಿಯ ಕಲ್ಲುಗಳು ಸೇರುವಲ್ಲಿ ಮೂಲೆಗಳು ಸಿಡಿದಿವೆ, ಒಳಗಿನಿಂದ ತುಕ್ಕಿನ ಬಣ್ಣ ಇಳಿದಿದೆ.

ಹುಬ್ಬಳ್ಳಿ ಸಿವಿಲ್:

ನೀರಿನ ತೂತು ಮುಚ್ಚಿದ ತಡೆಗೋಡೆ, ಮೇಲೆ ಜೌಗು, ಕೆಳಗೆ ಹೊಟ್ಟೆ. ಹಾಗಾದರೆ ಪಾಯಿಂಟಿಂಗ್ ಚರ್ಚೆಯನ್ನು ಸ್ವಲ್ಪ ಬದಿಗಿಡಿ, ಮೊದಲು ಈ ತುದಿಗೆ ಜನ ಹೋಗದಂತೆ ಹಗ್ಗ ಕಟ್ಟಿಸಿ. ಹಳೆಯ ಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಉಬ್ಬು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ಎಂಬುದು ಮೊದಲ ಪ್ರಶ್ನೆ. ತೂಗುಗುಂಡು ಇಳಿಬಿಟ್ಟು ಮೇಲಿನಿಂದ ಕೆಳಗೆ ಹಲವು ಎತ್ತರಗಳಲ್ಲಿ ಗೋಡೆಯವರೆಗಿನ ಅಂತರ ಅಳೆದು ಬರೆದಿಡಿ. ಅದೇ ಜಾಗದಲ್ಲಿ ತಿಂಗಳಿಗೊಮ್ಮೆ ಅಳೆಯಿರಿ. ಮಳೆಗಾಲ, ಚಳಿಗಾಲ ಎರಡೂ ದಾಟಬೇಕು. ಅಂಕಿ ಕದಲದಿದ್ದರೆ ಗೋಡೆ ಬಿಚ್ಚದೆ ನೀರಿನ ವ್ಯವಸ್ಥೆ ಸರಿಪಡಿಸಿಯೇ ಉಳಿಸಬಹುದು. ಕದಲುತ್ತಿದ್ದರೆ ಆ ಭಾಗವನ್ನು ಕಲ್ಲಿಗೆ ಸಂಖ್ಯೆ ಬರೆದು, ಚಿತ್ರ ತೆಗೆದು, ಬಿಚ್ಚಿ ಮತ್ತೆ ಕಟ್ಟಬೇಕಾದೀತು.

ತೂತುಗಳನ್ನು ತೆರೆದಕೂಡಲೇ ನೀರು ಬರದಿದ್ದರೆ ಗಾಬರಿ ಬೇಡ. ಅವುಗಳ ಹಿಂದಿನ ಜಲ್ಲಿಯಲ್ಲಿ ಮಣ್ಣು ತುಂಬಿ ಕಟ್ಟಿಕೊಂಡಿರುತ್ತದೆ. 1840ರ ದಶಕದಿಂದ ಇಂಗ್ಲೆಂಡಿನಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಯಂತ್ರದಲ್ಲಿ ತಯಾರಿಸಲು ಆರಂಭಿಸಿದ ಮೇಲೆ ಅವು ಅಗ್ಗವಾದವು, ತೋಟಗಳಲ್ಲೂ ಹೂತರು. ನಿಮ್ಮ ಜಗಲಿಯ ಕೆಳಗೂ ಇರಬಹುದು. ಬೇರು ನುಗ್ಗಿ ಕಟ್ಟಿರುವ ಸಾಧ್ಯತೆ ಹೆಚ್ಚು. ಅಗೆಯುವ ಮೊದಲು ಕ್ಯಾಮೆರಾ ಇಳಿಸಿ ನೋಡಿಸಿ.

ಸುಣ್ಣ ಮರಳು:

ಹುಬ್ಬಳ್ಳಿಯವರು ಹೇಳಿದ ಕ್ರಮವೇ ಸರಿ. ನೀರು ಮೊದಲು, ಗಾರೆ ಆಮೇಲೆ.

ಕಟಾಂಜನದ ಸಿಡಿತಕ್ಕೆ ಕಾರಣ ಒಳಗಿನ ಕಬ್ಬಿಣದ ಕೊಂಡಿಗಳು. ಪಕ್ಕಪಕ್ಕದ ಕಲ್ಲುಗಳನ್ನು ಹಿಡಿಯಲು ಅಂದು ಕಬ್ಬಿಣದ ಕೊಂಡಿ ಇಟ್ಟು ಸುತ್ತ ಕರಗಿಸಿದ ಸೀಸ ಎರೆಯುತ್ತಿದ್ದರು. ಸೀಸದ ಹೊದಿಕೆ ಪೂರ್ತಿ ಇರುವವರೆಗೆ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ನೀರು ಹೊಕ್ಕರೆ ತುಕ್ಕು. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಹಲವು ಪಟ್ಟು, ಎಂಥ ಕಲ್ಲನ್ನೂ ಅದು ಸೀಳುತ್ತದೆ. ಮೇಲಿನಿಂದ ಸಿಮೆಂಟ್ ಮೆತ್ತಿದರೆ ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಕಲ್ಲು ಎತ್ತಿ, ಕೊಂಡಿ ತೆಗೆದು, ಸ್ಟೇನ್‌ಲೆಸ್ ಉಕ್ಕಿನ ಕೊಂಡಿ ಹಾಕುವುದೇ ಪರಿಹಾರ. ಸಿಡಿದ ಚೂರುಗಳನ್ನು ಎಸೆಯಬೇಡಿ, ಎಷ್ಟೋ ಸಲ ಅವನ್ನೇ ಸಣ್ಣ ಕಡ್ಡಿಯಿಂದ ಮತ್ತೆ ಕೂರಿಸಬಹುದು.

ಗೋಡೆಯ ತುದಿಗೆ ಹೊದಿಸಿದ ತಲೆಗಲ್ಲಿನ ಕೆಳ ಅಂಚಿನಲ್ಲಿ ಉದ್ದಕ್ಕೆ ಒಂದು ಗೀರು ಕೊರೆದಿರುತ್ತಾರೆ, ಬೆರಳಾಡಿಸಿ ನೋಡಿ. ಮಳೆನೀರು ಆ ಗೀರಿಗೆ ಬಂದು ಗೋಡೆಯಿಂದ ದೂರಕ್ಕೆ ತೊಟ್ಟಿಕ್ಕಬೇಕು. ಅದು ಕೊಳೆ ಅಥವಾ ಸಿಮೆಂಟಿನಿಂದ ಮುಚ್ಚಿದ್ದರೆ ನೀರು ನೇರವಾಗಿ ಗೋಡೆಯ ಮುಖದ ಮೇಲೇ ಇಳಿಯುತ್ತದೆ. ಇಡೀ ಉದ್ಯಾನದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗವಾಗುವ ಕೆಲಸ ಆ ಗೀರನ್ನು ಸ್ವಚ್ಛ ಮಾಡುವುದು.

ಜರಿಗಿಡ:

ಗಿಡಗಳ ಬಗ್ಗೆ ಯಾರೂ ಮಾತನಾಡಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸಸ್ಯಶಾಸ್ತ್ರ ಕಲಿಸುತ್ತೇನೆ, ಬ್ರಿಸ್ಟಲ್‌ನಲ್ಲಿದ್ದೇನೆ.

ದಯವಿಟ್ಟು ಎಲ್ಲವನ್ನೂ ಒಂದೇ ಕೈಯಲ್ಲಿ ಕಿತ್ತು ಹಾಕಬೇಡಿ. ಹಳೆಯ ಸುಣ್ಣದ ಸಂದುಗಳಲ್ಲಿ ಬೆಳೆಯುವ ಪುಟ್ಟ ಜರಿಗಿಡಗಳು, ವಾಲ್ ರೂ ಮತ್ತು ಮೇಡನ್‌ಹೇರ್ ಸ್ಪ್ಲೀನ್‌ವರ್ಟ್, ಎರಡೂ ಆಸ್ಪ್ಲೀನಿಯಮ್ ಕುಲದವು. ಅವುಗಳ ಬೇರು ತೆಳು, ಗೋಡೆಗೆ ಅಪಾಯವಿಲ್ಲ. ವಾಲ್ ರೂ ಬ್ರಿಟನ್ನಿನ ಬಹಳಷ್ಟು ಕಡೆ ಬದುಕಿರುವುದೇ ಸುಣ್ಣದ ಗಾರೆಯನ್ನು ನಂಬಿ. ನೇರಳೆ ಹೂವಿನ ಐವಿ ಲೀವ್ಡ್ ಟೋಡ್‌ಫ್ಲಾಕ್ಸ್ ದಕ್ಷಿಣ ಯುರೋಪಿನಿಂದ ಬಂದು ಊರಿನದೇ ಆದ ಗಿಡ. ಅದರ ಹೂವಿನ ತೊಟ್ಟು ಅರಳುವಾಗ ಬೆಳಕಿನ ಕಡೆಗೆ ಬಾಗುತ್ತದೆ, ಕಾಯಿ ಕಟ್ಟಿದ ಮೇಲೆ ತಿರುಗಿ ಕತ್ತಲ ಬಿರುಕನ್ನು ಹುಡುಕಿ ಬೀಜವನ್ನು ಅಲ್ಲಿಯೇ ಬಿಡುತ್ತದೆ. ಮೊದಲ ಸಲ ನೋಡಿದಾಗ ನಾನು ಗೋಡೆಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಅಂದಹಾಗೆ ವಿಕ್ಟೋರಿಯಾ ಕಾಲದವರಿಗೆ ಜರಿಗಿಡಗಳ ಹುಚ್ಚೇ ಹಿಡಿದಿತ್ತು. 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಅದಕ್ಕೆ ಟೆರಿಡೋಮೇನಿಯಾ ಎಂದು ಹೆಸರಿಟ್ಟರು. ನಿಮ್ಮ ಹತ್ತಿರದ ಬ್ರಾಡ್ಸ್‌ವರ್ತ್ ಹಾಲ್‌ನಲ್ಲಿ ಹಳೆಯ ಕ್ವಾರಿಯೊಳಗೆ ಜರಿಗಿಡಗಳ ಕಣಿವೆಯನ್ನೇ ಮಾಡಿದ್ದಾರೆ. ಆ ಬಂಗಲೆ 1860ರ ದಶಕದ್ದು, 1990ರಲ್ಲಿ ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಕೈಗೆ ಬಂತು, ಕಾಡಾಗಿದ್ದ ಉದ್ಯಾನವನ್ನು ಅಂದಿನ ರೂಪಕ್ಕೆ ತಂದಿದ್ದಾರೆ. ಒಮ್ಮೆ ಸಮಿತಿಯವರನ್ನು ಕರೆದುಕೊಂಡು ಹೋಗಿ ತೋರಿಸಿ. ಜರಿಗಿಡ ಅಂದಿನ ತೋಟದ ಅಂದಕ್ಕೆ ಹೊರತಾದದ್ದೇನಲ್ಲ.

ತೆಗೆಯಲೇಬೇಕಾದವು ಮರ, ಪೊದೆಗಳ ಸಸಿಗಳು: ಬಡ್ಲಿಯಾ, ಸಿಕಮೋರ್, ಆ್ಯಶ್. ಇವುಗಳ ಬೇರು ದಪ್ಪವಾದಂತೆ ಕಲ್ಲುಗಳನ್ನೇ ಸರಿಸುತ್ತದೆ, ಆದ್ದರಿಂದ ಬೆರಳುದಪ್ಪ ಇರುವಾಗಲೇ ತೆಗೆಯಿರಿ. ಐವಿಯ ವಿಷಯ ನಡುವಿನದು. ಇಂಗ್ಲಿಷ್ ಹೆರಿಟೇಜ್‌ಗಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನದಲ್ಲಿ, ಐವಿ ಮುಚ್ಚಿದ ಗೋಡೆಯಲ್ಲಿ ಬಿಸಿ ಮತ್ತು ಚಳಿಯ ಏರಿಳಿತ ಕಡಿಮೆ, ಹೆಪ್ಪುಗಟ್ಟುವ ಅಪಾಯವೂ ಕಡಿಮೆ ಎಂದು ಕಂಡಿತು. ಬಳ್ಳಿ ನೆಲದಲ್ಲಿ ಬೇರೂರಿ ಮೇಲ್ಮೈಗೆ ಅಂಟುಬೇರಿನಿಂದ ಹಿಡಿದುಕೊಂಡಿದ್ದರೆ ಹೆಚ್ಚು ಹಾನಿಯಿಲ್ಲ. ಗೋಡೆಯೊಳಗೇ ಬೇರು ಬಿಟ್ಟಿದ್ದರೆ ಅಪಾಯ. ಹಸಿ ಬಳ್ಳಿಯನ್ನು ಎಳೆದು ಕೀಳಬೇಡಿ, ಕಲ್ಲಿನ ಮುಖವೂ ಕಿತ್ತು ಬರುತ್ತದೆ. ಕತ್ತರಿಸಿ, ಒಣಗಲು ಬಿಟ್ಟು, ನಿಧಾನವಾಗಿ ಬಿಡಿಸಿ.

ಒತ್ತಡದ ನೀರು ಬೇಡವೇ ಬೇಡ. ಮೆತ್ತಗಾದ ಕಲ್ಲಿನ ಮುಖ ಅದರೊಂದಿಗೇ ಹೋಗುತ್ತದೆ, ಸಂದಿನೊಳಕ್ಕೆ ನೀರನ್ನು ನಾವೇ ತುಂಬಿದಂತಾಗುತ್ತದೆ. ಹಳದಿ, ಬೂದು ಕಲೆಗಳಲ್ಲಿ ಎಷ್ಟೋ ಕಲ್ಲುಹೂಗಳು ಇರುತ್ತವೆ. ಅವು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುವಂಥವು, ಅಂಗೈಯಗಲದ ಒಂದು ಕಲ್ಲುಹೂವಿಗೆ ನಮ್ಮ ಅಜ್ಜಿಯರಷ್ಟು ವಯಸ್ಸಾಗಿರಬಹುದು.

ಹಳೆಯ ತೋಟಗಳು:

ತೊಳೆಯುವ ಬಗ್ಗೆ ಜರಿಗಿಡ ಅವರು ಹೇಳಿದ್ದನ್ನು ಓದಿ ಸಂತೋಷವಾಯಿತು. ಕವಿ, ವಿನ್ಯಾಸಕ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೇ ಚರ್ಚುಗಳ ಗೋಡೆ ಕೆರೆದು ಹೊಸದಾಗಿಸುವ ಹುಮ್ಮಸ್ಸಿನ ವಿರುದ್ಧ. ಅಂದರೆ ಈ ವಾದ ವಿಕ್ಟೋರಿಯಾ ಕಾಲದಲ್ಲೇ ನಡೆದಿತ್ತು. ಆ ಸಂಘ ಇಂದಿಗೂ ಇದೆ, ಸುಣ್ಣದ ಕೆಲಸದ ಬಗ್ಗೆ ಸಲಹೆಯನ್ನೂ ಕೊಡುತ್ತದೆ.

ಒಂದು ಎಚ್ಚರಿಕೆ. ಹಣ್ಣಿನ ಮರಗಳನ್ನು ಆನಿಸಿ ಬೆಳೆಸಿದ ತರಕಾರಿ ತೋಟದ ಗೋಡೆಯೂ ನಿಮ್ಮಲ್ಲಿದ್ದರೆ, ಅದರಲ್ಲಿ ಕಾಣುವ ತೂತುಗಳನ್ನೆಲ್ಲ ಮುಚ್ಚಲು ಹೋಗಬೇಡಿ. ಕೆಲವು ಗೋಡೆಗಳ ಒಳಗೆ ಹೊಗೆದಾರಿ ಇರುತ್ತಿತ್ತು. ಹಿಂದಿನಿಂದ ಬೆಂಕಿ ಹಾಕಿ ಗೋಡೆಯನ್ನು ಬೆಚ್ಚಗಿಟ್ಟು ಪೀಚ್, ಏಪ್ರಿಕಾಟ್ ಹೂವನ್ನು ಮಂಜಿನಿಂದ ಕಾಯುತ್ತಿದ್ದರು. ಡರ್ಬಿಶೈರಿನ ಚಾಟ್ಸ್‌ವರ್ತ್ ಬಂಗಲೆಯಲ್ಲಿ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಅಂಥ ಬಿಸಿ ಗೋಡೆಗೆ 1848ರಲ್ಲಿ ಗಾಜಿನ ಹೊದಿಕೆಯನ್ನೇ ಹಾಕಿಸಿದರು. ಮಸಿ ಹಿಡಿದ ತೂತು ಕಂಡರೆ ಅದೊಂದು ದಾಖಲೆ.

ಲೆಸ್ಟರ್ ವಕೀಲ:

ಕಾನೂನಿನ ಮಾತು ಚಿಕ್ಕದಾಗಿ. ಬಂಗಲೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಅದರ ಆವರಣದಲ್ಲಿ 1948ರ ಜುಲೈ 1ಕ್ಕಿಂತ ಮೊದಲಿನಿಂದ ಇರುವ ಗೋಡೆಗಳಿಗೂ ಸಾಮಾನ್ಯವಾಗಿ ಅದೇ ರಕ್ಷಣೆ ಸಿಗುತ್ತದೆ. ಅದರ ಸ್ವರೂಪವನ್ನು ಬದಲಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಇದ್ದದ್ದನ್ನು ಇದ್ದ ಹಾಗೆ ದುರಸ್ತಿ ಮಾಡಲು ಅನುಮತಿ ಬೇಕಾಗದೆಯೂ ಇರಬಹುದು, ಆದರೆ ಅದನ್ನು ನೀವೇ ತೀರ್ಮಾನಿಸಬೇಡಿ. ಸ್ಥಳೀಯ ಆಡಳಿತದ ಸಂರಕ್ಷಣಾ ಅಧಿಕಾರಿಯನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಹಾಗೆಯೇ ಸಂದುಗಳಲ್ಲಿ ಬಾವಲಿ ಇದ್ದರೆ ಅವುಗಳನ್ನು ಕದಲಿಸುವುದೂ ಅಪರಾಧ. ಕೆಲಸಕ್ಕೆ ಮುಂಚೆ ತಜ್ಞರಿಂದ ನೋಡಿಸಿ.

ಯಾರ್ಕ್‌ಶೈರ್ ಕನ್ನಡತಿ:

ಸಭೆಗೆ ನಾನು ತೆಗೆದುಕೊಂಡು ಹೋಗುವ ಪ್ರಸ್ತಾಪ ಹೀಗಿದೆ. ಪೂರ್ವದ ತುದಿಗೆ ತಕ್ಷಣ ಹಗ್ಗ, ಎಂಜಿನಿಯರ್ ಭೇಟಿ, ಅಳತೆಯ ಪುಸ್ತಕ. ನಂತರ ನೀರಿನ ತೂತು, ತಲೆಗಲ್ಲಿನ ಗೀರು, ಕೊಳವೆಗಳು. ಅದಾದ ಮೇಲೆ ಕೆಳಗಿನ ಗೋಡೆಯ ಒಂದು ಚದರ ಮೀಟರ್‌ನಲ್ಲಿ ಸುಣ್ಣದ ಗಾರೆಯ ಮಾದರಿ. ಮೇಲಿನ ಗೋಡೆಯಲ್ಲಿ ತೀರ ಪೊಳ್ಳಾದ ಸಂದುಗಳನ್ನು ಬಿಟ್ಟು ಉಳಿದದ್ದನ್ನು ಮುಟ್ಟುವುದಿಲ್ಲ. ತೊಳೆಯುವುದಿಲ್ಲ. ಗಿಡಗಳನ್ನು ಜರಿಗಿಡ ಅವರ ಮಾತಿನಂತೆ ಆಯ್ದು ತೆಗೆಯುವುದು. ಇದಕ್ಕೆಲ್ಲ ಮೊದಲು ಸಂರಕ್ಷಣಾ ಅಧಿಕಾರಿಗೆ ಪತ್ರ.

ಉಳಿದ ಪ್ರಶ್ನೆ ಒಂದೇ. ಇರುವ ಸಿಮೆಂಟನ್ನು ತೆಗೆಯುವುದು ಹೇಗೆ? ಯಂತ್ರದಲ್ಲಿ ಬೇಗ ಆಗುತ್ತದೆ ಎನ್ನುತ್ತಿದ್ದಾರೆ.

ಸುಣ್ಣ ಮರಳು:

ಕತ್ತರಿಸುವ ಗ್ರೈಂಡರ್ ಗೋಡೆಯ ಹತ್ತಿರವೂ ಬರಬಾರದು. ಕೈ ಒಂದು ಸಲ ಜಾರಿದರೆ ಕಲ್ಲಿನ ಅಂಚಿಗೆ ಶಾಶ್ವತ ಗಾಯ. ಸಣ್ಣ ಉಳಿ, ಹಗುರ ಸುತ್ತಿಗೆ ಸಾಕು. ಸಿಮೆಂಟಿನ ನಡುವೆ ಮೊದಲು ಸಾಲಾಗಿ ಸಣ್ಣ ತೂತು ಕೊರೆದುಕೊಂಡರೆ ಕಲ್ಲಿಗೆ ಪೆಟ್ಟಾಗದೆ ಒಳಕ್ಕೆ ಮುರಿದುಕೊಳ್ಳುತ್ತದೆ. ಎಲ್ಲಿ ಸಿಮೆಂಟ್ ಕಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಂಡಿದೆಯೋ ಅಲ್ಲಿ ಬಿಟ್ಟುಬಿಡಿ. ಅದು ತಾನಾಗಿ ಸಡಿಲವಾದ ವರ್ಷ ತೆಗೆಯಬಹುದು. ಅಂಚು ಒಡೆದು ಸಿಮೆಂಟ್ ತೆಗೆಯುವುದರಲ್ಲಿ ಲಾಭವಿಲ್ಲ.

ಸಂದಿನ ಅಗಲದ ಎರಡರಷ್ಟು ಆಳವಾದರೂ ಖಾಲಿ ಮಾಡಿ, ಕನಿಷ್ಠ 25 ಮಿಲಿಮೀಟರ್. ಧೂಳು ತೆಗೆದು, ಚೆನ್ನಾಗಿ ನೀರು ಹಾಕಿ, ಸಂದಿನಲ್ಲಿ ನೀರು ನಿಲ್ಲದಂತಾದ ಮೇಲೆ ಗಾರೆಯನ್ನು ಒಳಗಿನಿಂದ ಒತ್ತಿ ತುಂಬಬೇಕು. ಸುಣ್ಣ ಒಂದು ಪಾಲಿಗೆ ಮರಳು ಎರಡೂವರೆಯಿಂದ ಮೂರು ಪಾಲು, ದಪ್ಪ ಮತ್ತು ಸಣ್ಣ ಕಾಳು ಬೆರೆತ ಒರಟು ಮರಳು. ಕರಣೆಯಿಂದ ನುಣುಪು ಮಾಡಬೇಡಿ. ಸ್ವಲ್ಪ ಬಿಗಿದ ಮೇಲೆ ಗಡಸು ಬ್ರಷ್‌ನ ತುದಿಯಿಂದ ಬಡಿದು ಮೇಲ್ಮೈ ಒರಟಾಗಿಸಿದರೆ ತೇವ ಆರಲು ಹೆಚ್ಚು ಜಾಗ ಸಿಗುತ್ತದೆ. ಗಾರೆ ಕಲ್ಲಿನ ಅಂಚಿನಿಂದ ತುಸು ಒಳಗಿರಲಿ, ಮುಖದ ಮೇಲೆ ಹರಡಬಾರದು.

ಯಾವ ಸುಣ್ಣ ಎಂಬುದು ಪ್ರಯೋಗಾಲಯದ ಉತ್ತರ ಬಂದ ಮೇಲೆ ತೀರ್ಮಾನವಾಗಲಿ. ಮಾರುಕಟ್ಟೆಯಲ್ಲಿ ನೀರಿನಲ್ಲೂ ಬಿಗಿಯುವ ಎನ್‌ಎಚ್‌ಎಲ್ ಸುಣ್ಣ 2, 3.5, 5 ಎಂಬ ಮೂರು ದರ್ಜೆಗಳಲ್ಲಿ ಸಿಗುತ್ತದೆ, ಸಂಖ್ಯೆ ಹೆಚ್ಚಿದಷ್ಟು ಗಟ್ಟಿ. ಸವೆದ ಮೆತ್ತನೆ ಕಲ್ಲಿಗೆ 5 ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದು ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಹೋಗಿ ಕೊನೆಗೆ ಹೆಸರಿನ ಸಂಖ್ಯೆಗಿಂತ ಬಹಳ ಬಲವಾಗಬಹುದು.

ಹವಾಮಾನದ ಬಗ್ಗೆ ರಾಜಿ ಬೇಡ. ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಸುಣ್ಣದ ಕೆಲಸ ಮಾಡಬಾರದು. ನಿಮ್ಮ ಕಡೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸುರಕ್ಷಿತ ಕಾಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಬೇಕು, ಅದಕ್ಕೆ ವಾರಗಳು ಬೇಕು, ತೇವವೂ ಬೇಕು. ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲು, ಗಾಳಿ, ಹೊಡೆಯುವ ಮಳೆ ಮೂರರಿಂದಲೂ ಕಾಯಿರಿ. ಮಾದರಿಯ ಚದರ ಮೀಟರನ್ನು ಮೇ ತಿಂಗಳಲ್ಲಿ ಮಾಡಿಸಿ, ಒಂದು ಪೂರ್ತಿ ಚಳಿಗಾಲ ದಾಟಲು ಬಿಡಿ, ಮಾರ್ಚಿನಲ್ಲಿ ಉಗುರಿನಿಂದ ಕೆರೆದು ನೋಡಿ ಉಳಿದ ಗೋಡೆಗೆ ಟೆಂಡರ್ ಕರೆಯಿರಿ. ಸಮಿತಿ ಬೇಸಿಗೆಯೊಳಗೆ ಎಲ್ಲ ಮುಗಿಯಬೇಕೆಂದು ಪಟ್ಟು ಹಿಡಿದರೆ ಕೆಳಗಿನ ಗೋಡೆಯ ಮುಂದೆ ನಿಲ್ಲಿಸಿ ಮಾತನಾಡಿ. ಸುಣ್ಣದ ಚೀಲ ತರಿಸುವಾಗ ತಯಾರಾದ ದಿನಾಂಕ ನೋಡುವುದನ್ನು ಮರೆಯಬೇಡಿ. ತೇವ ತಗುಲಿದ ಹಳೆಯ ಚೀಲದ ಎನ್‌ಎಚ್‌ಎಲ್ ಬಿಗಿಯುವ ಗುಣ ಕಳೆದುಕೊಂಡಿರುತ್ತದೆ.